ಅಲೆಚ್ ಹಿಮನದಿ ನೋಡೋಕೆ ಐದು ದಿನ ಇದೆ: ಯಾವ ದಿನ ಹತ್ತೋದು, ಯಾವ ಕಡೆಯಿಂದ ಹತ್ತೋದು?

ಬೆಣ್ಣೆನಗರಿ
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಸ್ವಿಟ್ಜರ್‌ಲ್ಯಾಂಡ್ ಹೊರಟಿದ್ದೀವಿ. ಅಕ್ಟೋಬರ್ ಎರಡನೇ ವಾರ, ಇಂಟರ್‌ಲಾಕೆನ್‌ನಲ್ಲಿ ಐದು ರಾತ್ರಿ. ನಾವಿಬ್ಬರು, ಅಪ್ಪ 68, ಅಮ್ಮ 63, ಮಗಳು 7. ಉಳಿದಿದ್ದು ಏನು ತಪ್ಪಿದರೂ ಪರವಾಗಿಲ್ಲ, ಅಲೆಚ್ ಹಿಮನದಿಯನ್ನ ಕಣ್ತುಂಬ ನೋಡಬೇಕು. ಟ್ರಾವೆಲ್ ಏಜೆಂಟರು ಎರಡನೇ ದಿನಕ್ಕೇ ಯುಂಗ್‌ಫ್ರೌಯೋಖ್ (ಹಿಮನದಿಯ ಮೇಲ್ತುದಿಯಲ್ಲಿರೋ ಬೆಟ್ಟದ ರೈಲು ನಿಲ್ದಾಣ) ಟಿಕೆಟ್ ಹಾಕಿಬಿಡ್ತೀನಿ ಅಂತಿದ್ದಾರೆ. ಮೊಬೈಲಲ್ಲಿ ಹವಾಮಾನ ನೋಡಿದರೆ ಬೆಳಿಗ್ಗೆ ಸೂರ್ಯ ತೋರಿಸುತ್ತೆ, ಸಂಜೆ ಅದೇ ದಿನಕ್ಕೆ ಮಳೆ ತೋರಿಸುತ್ತೆ. ಟಿಕೆಟ್ ಈಗಲೇ ತಗೊಳ್ಳೋದಾ, ಕಾಯೋದಾ? ಕಾಯೋದಾದರೆ ಏನನ್ನ ನೋಡಿಕೊಂಡು ನಿರ್ಧಾರ ಮಾಡೋದು?

ರೈಲುಹಳಿ
ಈಗಲೇ ಹಾಕಿಸಬೇಡಿ. ರೈಲು ಓಡ್ತಾ ಇದ್ದರೆ ಟಿಕೆಟ್ ಚಾಲ್ತಿಯಲ್ಲಿದೆ ಅಂತಲೇ ಲೆಕ್ಕ. ಮೇಲೆ ಹೋದ ಮೇಲೆ ಮೋಡದ ಬಿಳಿ ಗೋಡೆ ಬಿಟ್ಟು ಏನೂ ಕಾಣಲಿಲ್ಲ ಅಂತ ಯಾರೂ ದುಡ್ಡು ವಾಪಸ್ ಕೊಡಲ್ಲ.

ಟಿಕೆಟ್ ಬೇರೆ, ಸೀಟು ಕಾದಿರಿಸೋದು ಬೇರೆ. ಸೀಟು ಕಾದಿರಿಸೋದು ಕೊನೆಯ ಹಲ್ಲುಹಳಿ ರೈಲಿಗೆ (ಹಲ್ಲುಚಕ್ರದ ಹಿಡಿತದಲ್ಲಿ ಕಡಿದಾದ ಬೆಟ್ಟ ಹತ್ತೋ ರೈಲು), ಅಂದರೆ ದಾರಿ ನಡುವಿನ ಐಗರ್‌ಗ್ಲೆಚರ್ ನಿಲ್ದಾಣದಿಂದ ಯುಂಗ್‌ಫ್ರೌಯೋಖ್‌ವರೆಗೆ. ಜುಲೈ, ಆಗಸ್ಟ್‌ನಲ್ಲಿ ಅದಿಲ್ಲದೆ ಹೋದರೆ ಪ್ಲಾಟ್‌ಫಾರ್ಮಿನಲ್ಲಿ ಕಾಯಬೇಕಾಗುತ್ತೆ. ಅಕ್ಟೋಬರಿನಲ್ಲಿ ಜನ ಕಡಿಮೆ, ಹಿಂದಿನ ಸಂಜೆ ತಗೊಂಡರೂ ಸಾಕು. ವಾರಾಂತ್ಯ ಒಂದನ್ನ ತಪ್ಪಿಸಿ.

ಮಲ್ಲಿಗೆ_ಮೈಸೂರು
ಏಜೆಂಟರು ದಿನ ಗೊತ್ತು ಮಾಡೋದು ಅವರ ಅನುಕೂಲಕ್ಕೆ. ಐವರ ಟಿಕೆಟ್ಟಿನ ದುಡ್ಡು ಸಣ್ಣದಲ್ಲ. ಹೋಟೆಲನ್ನ ಗಟ್ಟಿ ಮಾಡಿ, ದಿನವನ್ನ ಸಡಿಲ ಬಿಡಿ ಅಂತ ಅವರಿಗೆ ಖಂಡಿತವಾಗಿ ಹೇಳಿ.

ಹವಾಮಾನಪ್ರಿಯ
ಮೊಬೈಲಲ್ಲಿ ಇಂಟರ್‌ಲಾಕೆನ್ ಅಂತ ಹುಡುಕಿದರೆ ಸಿಗೋದು 567 ಮೀಟರ್ ಎತ್ತರದ ಊರಿನ ಹವಾಮಾನ. ನೀವು ಹೋಗ್ತಿರೋದು 3,454 ಮೀಟರಿಗೆ. ನಡುವೆ ಸುಮಾರು 2,900 ಮೀಟರ್ ವ್ಯತ್ಯಾಸ. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತೆ ಅಂತ ಹಿಡಿದರೆ 19 ಡಿಗ್ರಿ ಅಂತರ. ಊರಲ್ಲಿ 15 ಇದ್ದರೆ ಮೇಲೆ ಮೈನಸ್ 4ರ ಹತ್ತಿರ. ಆದ್ದರಿಂದ ಊರಿನ ಹೆಸರಲ್ಲಿ ಹುಡುಕೋದು ಬಿಡಿ, ಯುಂಗ್‌ಫ್ರೌಯೋಖ್ ಅನ್ನೋ ಹೆಸರಲ್ಲೇ ಹುಡುಕಿ.

ಆ್ಯಪ್ ಯಾವುದು ಅಂದರೆ, ಮೆಟಿಯೋಸ್ವಿಸ್. ಅದು ಅಲ್ಲಿನ ಸರ್ಕಾರಿ ಹವಾಮಾನ ಇಲಾಖೆಯದು, ಉಚಿತ, ಇಂಗ್ಲಿಷಿನಲ್ಲೂ ಇದೆ. ಜಗತ್ತಿಗೆಲ್ಲ ಒಂದೇ ಲೆಕ್ಕ ಹಾಕುವ ಆ್ಯಪ್‌ಗಳಿಗೆ ಆಲ್ಪ್ಸ್ ಅಂದರೆ ಮೊಂಡಾದ ಒಂದು ದಿಬ್ಬ, ಕಣಿವೆ ಶಿಖರ ಎಲ್ಲ ಸವೆದು ಒಂದಾಗಿರುತ್ತವೆ. ಮೆಟಿಯೋಸ್ವಿಸ್‌ನ ಕಂಪ್ಯೂಟರ್ ಲೆಕ್ಕದ ಒಂದು ಮಾದರಿ 1 ಕಿ.ಮೀ. ಚೌಕದ ಲೆಕ್ಕದಲ್ಲಿ ಮುಂದಿನ 33 ಗಂಟೆ ಹೇಳುತ್ತೆ, ಇನ್ನೊಂದು 2 ಕಿ.ಮೀ. ಚೌಕದಲ್ಲಿ ಐದು ದಿನ ಹೇಳುತ್ತೆ. ಈ 33 ಗಂಟೆ ಅನ್ನೋ ಸಂಖ್ಯೆಯಲ್ಲೇ ನಿಮ್ಮ ಉತ್ತರ ಇದೆ. ನಾಳೆ ಹೋಗೋದನ್ನ ಇವತ್ತು ಸಂಜೆ ನಿರ್ಧರಿಸಿ. ಅದಕ್ಕಿಂತ ಮುಂಚೆ ನೋಡಿದ್ದು ಒಲವು ಎತ್ತ ಇದೆ ಅಂತ ತಿಳಿಯೋಕೆ ಮಾತ್ರ.

ಧಾರವಾಡ_ಪೇಡೆ
ಅಲ್ರೀ, ಕೆಳಗ ಮಳಿ ಹೊಡ್ಯಾಕತ್ತಿದ್ರ ಮ್ಯಾಲೂ ಮಳಿನ ಇರ್ತೈತಲ್ಲ? ಇದಕ್ಕ ಇಷ್ಟೆಲ್ಲ ಲೆಕ್ಕ ಯಾಕ ಬೇಕು? ಕಿಟಕಿ ತಗದು ನೋಡಿದ್ರ ಸಾಕಲ್ಲ.

ಆರೆ_ದಂಡೆ
ಕಿಟಕಿ ನೋಡಿ ನಿರ್ಧಾರ ಮಾಡಿದರೆ ಶರತ್ಕಾಲದ ಅತ್ಯುತ್ತಮ ದಿನಗಳನ್ನೇ ಕಳ್ಕೊತೀರಿ ಸರ್. ಅಧಿಕ ಒತ್ತಡ ಕೂತಾಗ ತಣ್ಣನೆಯ ಗಾಳಿ ಭಾರವಾಗಿ ಕೆಳಗೆ ಇಳಿದು ನಿಲ್ಲುತ್ತೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂರುತ್ತೆ. ಕೆಳಗೆ ಸಿಕ್ಕಿಕೊಂಡ ತೇವ ಮಂಜಾಗುತ್ತೆ. ಬರ್ನ್, ಜೂರಿಕ್‌ನಲ್ಲಿ ಮೂರು ದಿನ ಸೂರ್ಯ ಕಾಣದೆ ಇರಬಹುದು. ಆ ಮಂಜಿನ ಮೇಲ್ಮೈ ಸಾಮಾನ್ಯವಾಗಿ 800ರಿಂದ 1,200 ಮೀಟರಿನ ಆಸುಪಾಸಲ್ಲಿರುತ್ತೆ. ಅದನ್ನ ದಾಟಿದರೆ ಕಡು ನೀಲಿ ಆಕಾಶ, ಕೆಳಗೆ ಹತ್ತಿ ಹಾಸಿದ ಹಾಗೆ ಮೋಡದ ಸಮುದ್ರ. ಜರ್ಮನ್‌ನಲ್ಲಿ ಇದಕ್ಕೆ ಹೋಖ್‌ನೇಬೆಲ್ ಅಂತಾರೆ. ಮುನ್ಸೂಚನೆಯಲ್ಲಿ ಈ ಪದ ಬಂದು, ಮೇಲ್ಮೈ ಎತ್ತರ ಸಾವಿರ ಚಿಲ್ಲರೆ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ಹೊರಡಿ.

ಆದರೆ ಮಳೆ ಹನಿ ಬೀಳ್ತಾ ಇದ್ದರೆ ಅದು ಬೇರೆ ವಿಷಯ. ಮಂಜು ಇದೆಯಾ, ಮಳೆ ಇದೆಯಾ ಅನ್ನೋದು ಮೊದಲ ಪ್ರಶ್ನೆ. ಮಳೆ ತರೋ ಮೋಡ ಸಾಮಾನ್ಯವಾಗಿ ಶಿಖರ ದಾಟಿ ಎತ್ತರಕ್ಕೆ ಹೋಗಿರುತ್ತೆ, ಅದರ ಮೇಲೆ ಹೋಗೋಕಾಗಲ್ಲ.

ಧಾರವಾಡ_ಪೇಡೆ
ಹಂಗಾದ್ರ ಮಾತು ವಾಪಸ್ ತಗೊಂಡೆ. ಮಂಜು ಬ್ಯಾರೆ, ಮಳಿ ಬ್ಯಾರೆ.

ಕುಡ್ಲದ_ಕಡಲು
ಬೆಳಿಗ್ಗೆ ವೆಬ್‌ಕ್ಯಾಮೆರಾ ನೋಡುವುದು ಎಲ್ಲರಿಗೂ ಗೊತ್ತುಂಟು, ಆದರೆ ಹೇಗೆ ನೋಡುವುದು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ.

ಮೊದಲು ಚಿತ್ರದ ಮೂಲೆಯಲ್ಲಿ ಸಮಯ ನೋಡಿ. ಕ್ಯಾಮೆರಾ ಹೆಪ್ಪುಗಟ್ಟಿ ನಿನ್ನೆಯ ಚಿತ್ರವೇ ನಿಂತಿರುವುದುಂಟು. ಎರಡನೆಯದು, ಲೆನ್ಸಿನ ಮೇಲೆ ಹಿಮ ಕೂತರೆ ಮೋಡ ಇದ್ದ ಹಾಗೆಯೇ ಕಾಣುತ್ತದೆ. ಅದಕ್ಕೆ ಒಂದನ್ನೇ ನಂಬಬಾರದು, ಕಡಿಮೆ ಅಂದರೆ ಮೂರು ಎತ್ತರದ್ದು ನೋಡಬೇಕು: ಕ್ಲೈನೆ ಶೈಡೆಗ್ 2,061 ಮೀಟರ್, ಐಗರ್‌ಗ್ಲೆಚರ್ 2,320, ಮೇಲೆ ಯುಂಗ್‌ಫ್ರೌಯೋಖ್‌ನ ಸ್ಫಿಂಕ್ಸ್ ತಾರಸಿ 3,571. ಕೆಳಗಿನ ಎರಡು ಬೆಳ್ಳಗಿದ್ದು ಮೇಲಿನದರಲ್ಲಿ ನೆರಳು ಚೂಪಾಗಿ ಬಿದ್ದಿದ್ದರೆ ಹೋಗಿ. ಕೆಳಗಿನ ಎರಡು ಚಂದ ಕಂಡು ಮೇಲಿನದು ಬೂದಿ ಬಣ್ಣ ಇದ್ದರೆ ಶಿಖರಕ್ಕೆ ಟೋಪಿ ಹಾಕಿದ ಹಾಗೆ ಮೋಡ ಕೂತಿದೆ ಅಂತ ಅರ್ಥ, ಆಗ ಬೇಡ. ಹಿಂದಿನ ಎರಡು ಮೂರು ಗಂಟೆಯ ಚಿತ್ರ ಹಿಂದಕ್ಕೆ ಓಡಿಸಿ ನೋಡಿದರೆ ಮೋಡ ಏರುತ್ತಿದೆಯಾ ಕರಗುತ್ತಿದೆಯಾ ಅಂತಲೂ ಗೊತ್ತಾಗುತ್ತದೆ.

ಗುಡ್ಡಗಾಡು
ಇಷ್ಟೂ ಜನ ಯುಂಗ್‌ಫ್ರೌಯೋಖ್ ಒಂದನ್ನೇ ಹಿಡಿದುಕೊಂಡು ಕೂತಿದ್ದೀರಲ್ಲ. ಪ್ರಶ್ನೆ ಕೇಳಿದವರಿಗೆ ಬೇಕಿರೋದು ಅಲೆಚ್ ಹಿಮನದಿ. ಯೋಖ್‌ನಿಂದ ಕಾಣೋದು ಅದರ ನೆತ್ತಿ ಮಾತ್ರ, ಬಿಳಿಯ ಹಿಮದ ಬಯಲು ದೂರಕ್ಕೆ ಇಳಿದು ಹೋಗೋದು. ಸುಮಾರು 20 ಕಿ.ಮೀ. ಉದ್ದದ ನದಿ ಬಾಗಿ ಹರಿದಂತೆ ಕಾಣೋ ಆ ಚಿತ್ರ, ಎರಡು ಕಪ್ಪು ಪಟ್ಟೆ ಎಳೆದ ಹೆದ್ದಾರಿಯ ಹಾಗೆ ಇರೋದು, ಅದು ದಕ್ಷಿಣದ ವಾಲಿಸ್ ಪ್ರಾಂತ್ಯದ ಕಡೆಯಿಂದ ಸಿಗೋ ನೋಟ. ಎಗ್ಗಿಸ್‌ಹಾರ್ನ್ ಕೇಬಲ್ ಕಾರಿನ ಮೇಲಿನ ನಿಲ್ದಾಣ 2,869 ಮೀಟರ್. ಬೆಟ್ಮರ್‌ಹಾರ್ನ್ 2,647, ಮೂಸ್‌ಫ್ಲೂ 2,333. ಮೂರೂ ಕಡೆಯಿಂದ ಹಿಮನದಿಯ ಬೇರೆ ಬೇರೆ ಮಗ್ಗುಲು ಕಾಣುತ್ತೆ. ಮೂರರಲ್ಲೂ ಎಗ್ಗಿಸ್‌ಹಾರ್ನ್ ಮೇಲು.

ರೈಲುಹಳಿ
ಒಪ್ಪಿದೆ. ಇಂಟರ್‌ಲಾಕೆನ್‌ನಿಂದ ಅಲ್ಲಿಗೆ ಹೋಗೋದೂ ಕಷ್ಟ ಇಲ್ಲ. ಇಂಟರ್‌ಲಾಕೆನ್ ಓಸ್ಟ್, ಸ್ಪೀಟ್ಸ್, ಅಲ್ಲಿಂದ ಲೋಚ್‌ಬರ್ಗ್ ತಳ ಸುರಂಗದೊಳಗೆ ವಿಸ್ಪ್ ಅಥವಾ ಬ್ರಿಗ್, ಅಲ್ಲಿಂದ ಕೆಂಪು ಬಣ್ಣದ ಮಾಟರ್‌ಹಾರ್ನ್ ಗಾಟ್‌ಹಾರ್ಡ್ ರೈಲಿನಲ್ಲಿ ಫೀಶ್. ಸುರಂಗ 34.6 ಕಿ.ಮೀ., 2007ರಲ್ಲಿ ಶುರುವಾಯ್ತು. ಫೀಶ್‌ವರೆಗೆ ಎರಡು ಗಂಟೆಯ ಆಸುಪಾಸು. ಫೀಶ್‌ನಲ್ಲಿ ರೈಲು ಇಳಿಯೋ ಕಟ್ಟಡದಲ್ಲೇ ಕೇಬಲ್ ಕಾರು ಹತ್ತೋದು, ಹಿರಿಯರಿಗೆ ಅನುಕೂಲ. ಬೆಟನ್ ಕಡೆಯಿಂದ ಹೋದರೆ ಬೆಟ್ಮರ್‌ಆಲ್ಪ್ ಊರೊಳಗೆ ಸ್ವಲ್ಪ ನಡೀಬೇಕು, ಅಲ್ಲಿ ಕಾರು ಓಡಾಡಲ್ಲ.

ಎಚ್ಚರಿಕೆ ಒಂದಿದೆ. ಯುಂಗ್‌ಫ್ರೌ ರೈಲು ವರ್ಷವಿಡೀ ಓಡುತ್ತೆ. ವಾಲಿಸ್ ಕಡೆಯ ಕೇಬಲ್ ಕಾರುಗಳು ಹಾಗಲ್ಲ, ವಸಂತದಲ್ಲೂ ಶರತ್ಕಾಲ ಮುಗಿದ ಮೇಲೂ ದುರಸ್ತಿಗೆ ನಿಲ್ಲುತ್ತವೆ. ಮೇ ರಜೆಗೆ ಹೋಗೋ ನಮ್ಮ ಕಡೆಯವರಲ್ಲಿ ಎಷ್ಟೋ ಜನ ಫೀಶ್‌ವರೆಗೆ ಹೋಗಿ ಬಾಗಿಲು ಹಾಕಿರೋದು ನೋಡಿ ವಾಪಸ್ ಬರ್ತಾರೆ. ಅಕ್ಟೋಬರ್ ಎರಡನೇ ವಾರ ಸಾಮಾನ್ಯವಾಗಿ ತೊಂದರೆ ಇರಲ್ಲ, ಆದರೂ ಆ ವರ್ಷದ ದಿನಾಂಕ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಬೆಣ್ಣೆನಗರಿ
ಎರಡು ಕಡೆ ಇದೆ ಅಂತಲೇ ಗೊತ್ತಿರಲಿಲ್ಲ. ಯಾವ ದಿನ ಯಾವ ಕಡೆ ಅನ್ನೋದು ಹೇಗೆ ಗೊತ್ತಾಗುತ್ತೆ? ಎರಡೂ ಒಂದೇ ಹಿಮನದಿ ಅಲ್ವಾ, ಹವಾಮಾನ ಬೇರೆ ಇರುತ್ತಾ?

ಹವಾಮಾನಪ್ರಿಯ
ಗಾಳಿಯ ದಿಕ್ಕು ನೋಡಿ. ಪಶ್ಚಿಮ ಘಟ್ಟ ಮನಸ್ಸಲ್ಲಿಟ್ಟುಕೊಂಡರೆ ಬೇಗ ಅರ್ಥವಾಗುತ್ತೆ. ಅರಬ್ಬೀ ಸಮುದ್ರದ ಗಾಳಿ ಆಗುಂಬೆಗೆ ಡಿಕ್ಕಿ ಹೊಡೆದು ಮಳೆ ಸುರಿಸುತ್ತೆ, ಘಟ್ಟದ ಹಿಂದೆ ಬಯಲುಸೀಮೆ ಒಣಗಿರುತ್ತೆ. ಆಲ್ಪ್ಸ್‌ನಲ್ಲೂ ಅದೇ ಕಥೆ, ಆದರೆ ಗಾಳಿ ಉತ್ತರದಿಂದಲೂ ಬರಬಹುದು, ದಕ್ಷಿಣದಿಂದಲೂ ಬರಬಹುದು.

ತಣ್ಣನೆಯ ಗಾಳಿ ವಾಯವ್ಯ ಅಥವಾ ಉತ್ತರದಿಂದ ಬಂದಾಗ ಮೋಡ ಯೋಖ್‌ನ ಉತ್ತರಕ್ಕಿರೋ ಗ್ರಿಂಡೆಲ್‌ವಾಲ್ಡ್, ಲೌಟರ್‌ಬ್ರುನ್ನೆನ್ ಊರುಗಳ ಕಡೆ ಒತ್ತಿಕೊಂಡು ನಿಲ್ಲುತ್ತೆ. ಮಳೆ ನಿಂತರೂ ಮೋಡ ಒಂದೆರಡು ದಿನ ಬೆಟ್ಟ ಬಿಡಲ್ಲ. ಅದೇ ಹೊತ್ತಿಗೆ ವಾಲಿಸ್‌ನಲ್ಲಿ ಬಿಸಿಲು ಬಂದಿರುತ್ತೆ. ವಾಲಿಸ್ ಕಣಿವೆ ಎರಡೂ ಕಡೆ ಎತ್ತರದ ಬೆಟ್ಟಗಳ ನಡುವೆ ಇರೋದರಿಂದ ಸ್ವಿಟ್ಜರ್‌ಲ್ಯಾಂಡಿನಲ್ಲೇ ಅತಿ ಒಣ ಪ್ರದೇಶಗಳಲ್ಲಿ ಒಂದು. ಎಗ್ಗಿಸ್‌ಹಾರ್ನ್ ಯೋಖ್‌ನಿಂದ ಸುಮಾರು 15 ಕಿ.ಮೀ. ಆಗ್ನೇಯಕ್ಕಿದೆ. ಆ 15 ಕಿ.ಮೀ. ಅಂತರದಲ್ಲಿ ದಿನವೇ ಬದಲಾಗಿರುತ್ತೆ.

ದಕ್ಷಿಣದಿಂದ ಬೀಸಿದರೆ ತಿರುಗುಮುರುಗು. ಅದಕ್ಕೆ ಫ್ಯೋನ್ ಅಂತಾರೆ. ಇಟಲಿ ಕಡೆ ಮಳೆ ಸುರಿಸಿ ಖಾಲಿಯಾದ ಗಾಳಿ ಉತ್ತರದ ಕಣಿವೆಗೆ ಇಳಿಯುವಾಗ ಒತ್ತಿಕೊಂಡು ಬಿಸಿಯಾಗುತ್ತೆ, ಒಣಗುತ್ತೆ. ಗ್ರಿಂಡೆಲ್‌ವಾಲ್ಡ್‌ನಲ್ಲಿ ಆಕಾಶ ತೊಳೆದ ಹಾಗಿರುತ್ತೆ, ನೂರಾರು ಕಿ.ಮೀ. ದೂರ ಕಾಣುತ್ತೆ. ವಾಲಿಸ್‌ನ ಮೇಲ್ಭಾಗಕ್ಕೆ ಮೋಡ ಉಕ್ಕಿ ಬರುತ್ತೆ.

ಮಲ್ಲಿಗೆ_ಮೈಸೂರು
ಹಾಗಾದರೆ ಫ್ಯೋನ್ ಬಂದ ದಿನ ಯೋಖ್‌ಗೆ ಹೋಗೋದು ಒಳ್ಳೇದು ಅಂತಾಯ್ತು.

ಗುಡ್ಡಗಾಡು
ಇಲ್ಲ, ಇಲ್ಲೇ ಎಲ್ಲರೂ ಎಡವೋದು. ಫ್ಯೋನ್ ದಿನ ನೋಟ ಚೆನ್ನ, ಗಾಳಿ ಭಯಂಕರ. ಕ್ಯಾಮೆರಾದಲ್ಲಿ ಗಾಳಿ ಕಾಣಲ್ಲ. ಬಿಸಿಲು ನೋಡಿ ಹೊರಟವರಿಗೆ ಮೇಲೆ ಹೊರಗಿನ ತಾರಸಿ, ಹಿಮದ ಬಯಲು ಎರಡೂ ಮುಚ್ಚಿರೋದು ಗೊತ್ತಾಗೋದು ಅಲ್ಲಿ ಹೋದ ಮೇಲೆ. ಮೈನಸ್ 5 ಡಿಗ್ರಿಯಲ್ಲಿ 40 ಕಿ.ಮೀ. ವೇಗದ ಗಾಳಿ ಇದ್ದರೆ ಮೈಗೆ ತಟ್ಟೋದು ಮೈನಸ್ 14ರ ಚಳಿ. ಏಳು ವರ್ಷದ ಮಗು ಹತ್ತು ನಿಮಿಷ ನಿಲ್ಲಲ್ಲ.

ಮೋಡದಲ್ಲೂ ಗುರುತಿದೆ. ಶಿಖರಗಳ ಹಿಂದೆ ದಕ್ಷಿಣದಲ್ಲಿ ಗೋಡೆ ಕಟ್ಟಿದ ಹಾಗೆ ಮೋಡ ನಿಂತಿದ್ದು, ಆಕಾಶದಲ್ಲಿ ಮೀನಿನ ಆಕಾರದ ನಯವಾದ ಮೋಡ ಅಲುಗಾಡದೆ ನಿಂತಿದ್ದರೆ ಅದು ಫ್ಯೋನ್. ನಿಂತ ಮೋಡ ಕಂಡು ಗಾಳಿ ಇಲ್ಲ ಅಂದುಕೊಳ್ಳಬೇಡಿ, ಗಾಳಿ ಅದರೊಳಗೆ ಹಾದು ಹೋಗ್ತಾ ಇರುತ್ತೆ.

ಹವಾಮಾನಪ್ರಿಯ
ಸಂಖ್ಯೆ ಬೇಕಾದವರಿಗೆ: ಲುಗಾನೋ ಮತ್ತು ಜೂರಿಕ್ ನಡುವಿನ ಗಾಳಿಯ ಒತ್ತಡದ ವ್ಯತ್ಯಾಸ ನೋಡ್ತಾರೆ. ಉತ್ತರದ ಜೂರಿಕ್‌ಗಿಂತ ದಕ್ಷಿಣದ ಲುಗಾನೋದಲ್ಲಿ 4 ಹೆಕ್ಟೋಪ್ಯಾಸ್ಕಲ್ (ಒತ್ತಡದ ಅಳತೆ) ಹೆಚ್ಚಿದ್ದರೆ ಕಣಿವೆಗಳಲ್ಲಿ ಫ್ಯೋನ್ ಬೀಸೋ ಸಾಧ್ಯತೆ ಇದೆ, 8 ದಾಟಿದರೆ ಜೋರು. ಆ್ಯಪ್‌ನಲ್ಲಿ ಯೋಖ್‌ನ ಗಾಳಿಯ ಸರಾಸರಿ ವೇಗಕ್ಕಿಂತ ಪಕ್ಕದಲ್ಲಿರೋ ಗರಿಷ್ಠ ರಭಸ ನೋಡಿ. ಹಿರಿಯರು, ಮಕ್ಕಳು ಇದ್ದರೆ ರಭಸ 50 ಕಿ.ಮೀ. ದಾಟಿದ ದಿನ ಬಿಟ್ಟುಬಿಡಿ ಅನ್ನೋದು ನನ್ನ ಅಭಿಪ್ರಾಯ.

ರೈಲುಹಳಿ
ಗಾಳಿಯ ದಿನ ದಾರಿಯೂ ಬದಲಾಗುತ್ತೆ. ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ನಿಂದ ಐಗರ್‌ಗ್ಲೆಚರ್‌ಗೆ 2020ರ ಡಿಸೆಂಬರಿನಿಂದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರು ಇದೆ, 15 ನಿಮಿಷ. ಮೂರು ಹಗ್ಗದ ವ್ಯವಸ್ಥೆ, ಮಾಮೂಲಿ ಗೊಂಡೋಲಾಗಿಂತ ಗಾಳಿಯನ್ನ ಚೆನ್ನಾಗಿ ತಡೆಯುತ್ತೆ. ಆದರೂ ಬಿರುಗಾಳಿಗೆ ನಿಲ್ಲಿಸ್ತಾರೆ. ಆಗ ಹಳೆಯ ದಾರಿ: ಲೌಟರ್‌ಬ್ರುನ್ನೆನ್, ವೆಂಗನ್, ಕ್ಲೈನೆ ಶೈಡೆಗ್ ಮೂಲಕ ಹಲ್ಲುಹಳಿ ರೈಲು. ನಿಧಾನ, ಆದರೆ ಗಾಳಿಗೆ ಅಷ್ಟು ಬೇಗ ಬಗ್ಗಲ್ಲ. ಯೋಖ್‌ನ ರೈಲು 1912ರದ್ದು, 9 ಕಿ.ಮೀ. ದಾರಿಯಲ್ಲಿ 7 ಕಿ.ಮೀ. ಬೆಟ್ಟದ ಹೊಟ್ಟೆಯೊಳಗೇ ಹೋಗುತ್ತೆ.

ಶಾಂತ ದಿನಕ್ಕೂ ಒಂದು ಕಿವಿಮಾತು. ಕೇಬಲ್ ಕಾರಿನಲ್ಲಿ ಹತ್ತಿ, ರೈಲಿನಲ್ಲಿ ವೆಂಗನ್ ಮೇಲೆ ಇಳಿಯಿರಿ. ಬೆಳಿಗ್ಗೆ ಹೊತ್ತು ಉಳಿಯುತ್ತೆ, ಇಳಿಯುವಾಗ ಅವಸರ ಇರಲ್ಲ. ಹತ್ತುವಾಗ ಐಸ್‌ಮೇರ್ ನಿಲ್ದಾಣದಲ್ಲಿ ರೈಲು ಐದು ನಿಮಿಷ ನಿಲ್ಲುತ್ತೆ, ಬಂಡೆ ಕೊರೆದ ಕಿಟಕಿಯಿಂದ ಮಂಜುಗಡ್ಡೆ ಒಡೆದಿರೋದು ಹತ್ತಿರದಿಂದ ಕಾಣುತ್ತೆ. ಸೀಟು ಹೋಗುತ್ತೆ ಅಂತ ಕೂತೇ ಇರಬೇಡಿ, ಇಳಿದು ನೋಡಿ.

ಸಕ್ಕರೆನಾಡು
ಇಷ್ಟೆಲ್ಲ ತಲೆಬಿಸಿ ಯಾಕೆ? ಟಿಟ್ಲಿಸ್‌ಗೆ ಹೋಗಿ. ಟೂರ್ ಬಸ್ಸುಗಳೆಲ್ಲ ಹೋಗೋದು ಅಲ್ಲಿಗೇ, ತಿರುಗೋ ಕೇಬಲ್ ಕಾರು ಇದೆ, 3,020 ಮೀಟರ್, ಹಿಮವೂ ಸಿಗುತ್ತೆ.

ಹಿಮರೇಖೆ
ಹಿಮ ಮುಟ್ಟೋದೇ ಗುರಿಯಾದರೆ ಟಿಟ್ಲಿಸ್ ಸಾಕು, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿರೋದು ಸಣ್ಣ ಹಿಮನದಿ, ಪ್ರತಿ ವರ್ಷ ಕುಗ್ಗುತ್ತಿದೆ. ಅಲೆಚ್ ಇಡೀ ಆಲ್ಪ್ಸ್‌ನಲ್ಲೇ ಉದ್ದದ್ದು, 2001ರಿಂದ ವಿಶ್ವ ಪರಂಪರೆಯ ತಾಣ. ಕೊಂಕಾರ್ಡಿಯಾ ಚೌಕ ಅನ್ನೋ ಜಾಗದಲ್ಲಿ ಮೇಲಿನ ಹಿಮಧಾರೆಗಳು ಬಂದು ಕೂಡುತ್ತವೆ, ಅಲ್ಲಿ ಮಂಜುಗಡ್ಡೆಯ ದಪ್ಪ 800 ಮೀಟರಿನ ಆಸುಪಾಸು. ಜೋಗದ ಗುಂಡಿಯ ಮೂರು ಪಟ್ಟು ಆಳ ಅಂದುಕೊಳ್ಳಿ.

ಗುಡ್ಡಗಾಡು ಅವರು ಹೇಳಿದ ಎರಡು ಕಪ್ಪು ಪಟ್ಟೆ ಹುಟ್ಟೋದು ಅಲ್ಲೇ. ಪ್ರತಿ ಧಾರೆ ತನ್ನ ಅಂಚಿನಲ್ಲಿ ಕಲ್ಲು ಮಣ್ಣು ಹೊತ್ತು ತರುತ್ತೆ. ಎರಡು ಧಾರೆ ಕೂಡಿದಾಗ ಒಳಗಿನ ಅಂಚುಗಳು ಸೇರಿ ನಡುವೆ ಒಂದು ಪಟ್ಟೆಯಾಗುತ್ತೆ. ಮೂರು ಮುಖ್ಯ ಧಾರೆಗೆ ಎರಡು ಪಟ್ಟೆ. ಹಿಮ ಮುಚ್ಚಿದ್ದರೆ ಈ ಪಟ್ಟೆ ಕಾಣಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಎಲ್ಲ ಬೆಳ್ಳಗೆ ಒಂದೇ ಬಯಲು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಪಟ್ಟೆ, ಬಿರುಕು, ನೀಲಿ ಛಾಯೆ ಎಲ್ಲ ಬಿಚ್ಚಿಕೊಂಡಿರುತ್ತೆ. ಹಿಮನದಿಯನ್ನ ಹಿಮನದಿಯ ಹಾಗೆ ನೋಡೋಕೆ ದಸರಾ ರಜೆ ಬೇಸಿಗೆ ರಜೆಗಿಂತ ಎಷ್ಟೋ ಮೇಲು. ಒಂದೇ ತೊಂದರೆ, ಹೊಸ ಹಿಮ ಬಿದ್ದ ಮರುದಿನ ಪಟ್ಟೆ ಮುಚ್ಚಿರಬಹುದು.

ಸಕ್ಕರೆನಾಡು
ಹಿಮ ಬಿಳಿ ಇದ್ದರೇ ಚೆಂದ ಅಲ್ವಾ? ಫೋಟೊದಲ್ಲಿ ಕೊಳಕು ಬೂದಿ ಬಣ್ಣ ಬಂದರೆ ಏನು ಪ್ರಯೋಜನ?

ಹಿಮರೇಖೆ
ಬಿಳಿ ಬೇಕಾದವರು ಯೋಖ್‌ಗೆ ಹೋಗಲಿ, ಅಲ್ಲಿ ವರ್ಷವಿಡೀ ಬಿಳಿ. ಬೂದಿ ಬಣ್ಣ ಕೊಳಕಲ್ಲ, ಬೆಟ್ಟದ ಪುಡಿ ಅದು. ಅದನ್ನ ಹೊತ್ತು ಸಾಗೋದೇ ಹಿಮನದಿಯ ಕೆಲಸ.

ಸ್ಟೆತಸ್ಕೋಪ್
ಅಪ್ಪನ ವಯಸ್ಸು 68 ಅಂದಿದ್ದೀರಿ, ಆ ಬಗ್ಗೆ ಯಾರೂ ಮಾತಾಡಿಲ್ಲ. 3,454 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಮೂರನೇ ಎರಡು ಭಾಗ. ಪ್ರತಿ ಉಸಿರಿಗೂ ಸಿಗೋ ಆಮ್ಲಜನಕ ಅಷ್ಟೇ ಕಡಿಮೆ. ಇಂಟರ್‌ಲಾಕೆನ್‌ನಿಂದ ಎರಡು ಗಂಟೆಯೊಳಗೆ ಅಷ್ಟು ಎತ್ತರ ಸೇರಿಬಿಡ್ತೀರಿ, ದೇಹಕ್ಕೆ ಹೊಂದಿಕೊಳ್ಳೋಕೆ ಸಮಯವೇ ಇಲ್ಲ.

ಹೃದಯದ ತೊಂದರೆ, ಶ್ವಾಸಕೋಶದ ಕಾಯಿಲೆ, ಹತೋಟಿಗೆ ಬಾರದ ರಕ್ತದೊತ್ತಡ, ತೀವ್ರ ರಕ್ತಹೀನತೆ ಇದ್ದರೆ ಹೊರಡುವ ಮುಂಚೆ ಊರಲ್ಲೇ ವೈದ್ಯರನ್ನ ಕೇಳಿ. ಎಲ್ಲ ಚೆನ್ನಾಗಿದ್ದರೂ ಮೇಲೆ ಇಳಿದ ಮೊದಲ 15 ನಿಮಿಷ ನಿಧಾನ ನಡೆಯಲಿ, ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತಲಿ, ನೀರು ಆಗಾಗ ಗುಟುಕರಿಸಲಿ. ಸ್ವಲ್ಪ ಏದುಸಿರು, ಹಗುರ ತಲೆನೋವು ಸಹಜ. ವಾಂತಿ, ತೂರಾಡುವ ನಡಿಗೆ, ಎದೆನೋವು, ಕೂತಾಗಲೂ ಉಸಿರು ಕಟ್ಟೋದು ಇವು ಸಹಜ ಅಲ್ಲ. ಸಿಬ್ಬಂದಿಗೆ ತಕ್ಷಣ ಹೇಳಿ, ಮುಂದಿನ ರೈಲಿಗೇ ಇಳಿಯಿರಿ. ಇಳಿಯೋದೇ ಮದ್ದು. ಎರಡು ಮೂರು ಗಂಟೆಗಿಂತ ಹೆಚ್ಚು ಮೇಲೆ ಇರೋ ಅಗತ್ಯವೂ ಇಲ್ಲ.

ಮಗಳಿಗೆ ನೆಗಡಿ ಇದ್ದರೆ ಕೇಬಲ್ ಕಾರಿನಲ್ಲಿ ಕಿವಿ ನೋಯುತ್ತೆ, 15 ನಿಮಿಷದಲ್ಲಿ ಸುಮಾರು 1,400 ಮೀಟರ್ ಏರುತ್ತೆ ಅದು. ಚಪ್ಪರಿಸೋಕೆ ಪೆಪ್ಪರಮೆಂಟ್ ಕೊಡಿ. ಮೂಗು ಪೂರ್ತಿ ಕಟ್ಟಿದ್ದರೆ ನಿಧಾನದ ರೈಲು ದಾರಿ ಒಳ್ಳೇದು.

ಗುಡ್ಡಗಾಡು
ಈ ಕಾರಣಕ್ಕೂ ಎಗ್ಗಿಸ್‌ಹಾರ್ನ್ ಹಿರಿಯರಿಗೆ ಮೇಲು, 600 ಮೀಟರ್ ಕಡಿಮೆ.

ಸ್ಟೆತಸ್ಕೋಪ್
ಕಡಿಮೆ ಅನ್ನೋದು ನಿಜ, ಆದರೆ 2,869 ಮೀಟರೂ ಎತ್ತರವೇ. ಅಲ್ಲಿ ಯೋಖ್‌ನಷ್ಟು ಒಳಾಂಗಣ ಇಲ್ಲ, ಕಾಲ ಕೆಳಗೆ ಕಲ್ಲು. ಅಮ್ಮನಿಗೆ ಮಂಡಿ ನೋವಿದ್ದರೆ ನಿಲ್ದಾಣದ ಹತ್ತಿರವೇ ಇರಲಿ, ಬಂಡೆ ಹತ್ತೋದು ಬೇಡ.

ಕುಡ್ಲದ_ಕಡಲು
ಬಟ್ಟೆ: ಒಂದೇ ದಪ್ಪ ಜಾಕೆಟಿಗಿಂತ ಮೂರು ಪದರ ಒಳ್ಳೆಯದು. ಒಳಗೆ ಬೆವರು ಹೀರುವ ತೆಳು ಬಟ್ಟೆ, ಹತ್ತಿಯದು ಬೇಡ, ಒದ್ದೆಯಾದರೆ ಒಣಗುವುದಿಲ್ಲ. ನಡುವೆ ಉಣ್ಣೆ, ಹೊರಗೆ ಗಾಳಿ ನುಗ್ಗದ ಜಾಕೆಟ್. ಕಿವಿ ಮುಚ್ಚುವ ಟೋಪಿ, ಗ್ಲೌಸ್. ಶೂ ಅಡಿಭಾಗ ನಯವಾಗಿದ್ದರೆ ಯೋಖ್‌ನ ಮಂಜುಗಡ್ಡೆಯ ಗುಹೆಯಲ್ಲಿ ಜಾರುತ್ತದೆ. ಅಮ್ಮ ಸೀರೆಯೇ ಉಡುವುದಾದರೆ ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಉಣ್ಣೆ ಕಾಲುಚೀಲ, ಶೂ ಇರಲೇಬೇಕು.

ಕಪ್ಪು ಕನ್ನಡಕ ಎಲ್ಲರಿಗೂ ಬೇಕು, ಮಗುವಿಗೂ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಎಸೆಯುತ್ತದೆ, ಕೆಳಗಿನಿಂದಲೂ ಮುಖ ಸುಡುತ್ತದೆ. ಸನ್‌ಸ್ಕ್ರೀನನ್ನು ಗಲ್ಲದ ಅಡಿಗೆ, ಮೂಗಿನ ಕೆಳಗೆ ಹಚ್ಚಲು ಮರೆಯಬೇಡಿ. ತೆಳು ಮೋಡದ ದಿನವೂ ಹಚ್ಚಬೇಕು.

ಮಲ್ಲಿಗೆ_ಮೈಸೂರು
ಊಟದ ಬಗ್ಗೆ: ಮೇಲೆ ಭಾರತೀಯ ಊಟ ಸಿಗುತ್ತೆ, ಆದರೆ ಋತು ನೋಡಿಕೊಂಡು ತೆರೀತಾರೆ. ಕೆಳಗಿನ ಅಂಗಡಿಯಿಂದ ಬ್ರೆಡ್, ಹಣ್ಣು, ಮೊಸರು ತಗೊಂಡರೆ ಖರ್ಚು ಉಳಿಯುತ್ತೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಲಸಿದ ಅನ್ನ ಚಳಿಗೆ ಕೆಡಲ್ಲ. ಬಿಸಿನೀರು ಸುರಿದು ಮಾಡೋ ದಿಢೀರ್ ಉಪ್ಪಿಟ್ಟು ಮಾತ್ರ ಅಲ್ಲಿ ಸರಿಯಾಗಿ ಅರಳಲ್ಲ.

ಧಾರವಾಡ_ಪೇಡೆ
ಯಾಕ್ರೀ ಅರಳಂಗಿಲ್ಲ?

ಹವಾಮಾನಪ್ರಿಯ
ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಆ ಎತ್ತರದಲ್ಲಿ ನೀರು 88, 89 ಡಿಗ್ರಿಗೇ ಕುದಿಯುತ್ತೆ. ಫ್ಲಾಸ್ಕಿನಲ್ಲಿ ಸುರಿದ ಹೊತ್ತಿಗೆ ಇನ್ನೂ ಆರಿರುತ್ತೆ. ಎರಡರಷ್ಟು ಹೊತ್ತು ಮುಚ್ಚಿಡಿ.

ಆರೆ_ದಂಡೆ
ಯೋಖ್‌ನಲ್ಲಿ ಬೇಲಿ ದಾಟಬೇಡಿ ಅನ್ನೋದನ್ನ ಸೇರಿಸ್ತೀನಿ. ಬಯಲಿನ ಹಾಗೆ ಕಾಣೋ ಹಿಮದ ಅಡಿಯಲ್ಲಿ ಬಿರುಕು ಇರುತ್ತೆ, ಮೇಲೆ ತೆಳುವಾದ ಹಿಮದ ಸೇತುವೆ ಮುಚ್ಚಿರುತ್ತೆ. ಗುರುತು ಮಾಡಿದ, ಯಂತ್ರ ಓಡಿಸಿ ಗಟ್ಟಿ ಮಾಡಿದ ದಾರಿ ಒಂದೇ ಸುರಕ್ಷಿತ. ಮುಂಖ್‌ಸ್‌ಯೋಖ್ ಗುಡಿಸಲಿಗೆ ಅಂಥ ದಾರಿ ಇದೆ, ಒಂದು ಗಂಟೆಯ ಹತ್ತಿರ ನಡಿಗೆ, ಆದರೆ ಅಕ್ಟೋಬರ್ ನಡುವಿಗೆ ಅದರ ಕಾಲ ಮುಗಿಯುತ್ತಾ ಬಂದಿರುತ್ತೆ. ನಿಮ್ಮ ಗುಂಪಿಗೆ ಅದು ಬೇಡ. ಹೆಲಿಕಾಪ್ಟರ್ ರಕ್ಷಣೆಗೆ 1414, ವಾಲಿಸ್ ಕಡೆ ಇದ್ದರೆ 144.

ಸಕ್ಕರೆನಾಡು
ಮೊನ್ನೆ ಮೊನ್ನೆ ಹಿಮನದಿ ಕುಸಿದು ಒಂದು ಊರೇ ಮುಚ್ಚಿಹೋಯ್ತಲ್ಲ, ಅದು ಇದೇ ಕಡೆ ಅಲ್ವಾ? ಹೋಗೋದು ಸುರಕ್ಷಿತವಾ?

ಹಿಮರೇಖೆ
ಅದು ಬ್ಲಾಟನ್, ಅಲೆಚ್‌ಗೆ ಪಶ್ಚಿಮದ ಲೋಚನ್ ಕಣಿವೆಯದು. 2025ರ ಮೇ 28ರಂದು ಬಿರ್ಖ್ ಹಿಮನದಿ ಕುಸಿದು ಊರಿನ ಬಹುಭಾಗ ಹೂತುಹೋಯ್ತು. ಬೆಟ್ಟದ ಚಲನೆ ಅಳೆಯುತ್ತಿದ್ದರಿಂದ ಸುಮಾರು 300 ಜನರನ್ನ ಮೊದಲೇ ತೆರವು ಮಾಡಿದ್ದರು. ಮೇಲಿನ ಬಂಡೆ ಕುಸಿದು ಆ ಹಿಮನದಿಯ ಮೇಲೆ ರಾಶಿ ಬಿದ್ದದ್ದು ಅದಕ್ಕೆ ಕಾರಣ. ಅಲೆಚ್‌ನ ಸ್ವಭಾವ ಬೇರೆ, ಅದು ಉದ್ದಕ್ಕೆ ಮಲಗಿದ ನದಿ, ಕಡಿದಾದ ಇಳಿಜಾರಿನಲ್ಲಿ ತೂಗಿಕೊಂಡಿಲ್ಲ. ಅಲ್ಲೂ ಮೂಸ್‌ಫ್ಲೂ ಕೆಳಗಿನ ಇಳಿಜಾರು ಜಾರುತ್ತಿದೆ. ಮಂಜುಗಡ್ಡೆ ತೆಳುವಾದಂತೆ ಅದು ಕೊಡ್ತಿದ್ದ ಒತ್ತು ಇಲ್ಲವಾಗುತ್ತೆ. ಆ ಭಾಗದ ಕಾಲುದಾರಿಗಳನ್ನ ಮುಚ್ಚಿದ್ದರೆ ಮುಚ್ಚಿದ ಫಲಕ ದಾಟಬೇಡಿ. ನೋಡುವ ತಾಣಗಳಿಗೆ ಹೋಗೋಕೆ ಭಯ ಬೇಡ.

ಕರಗುತ್ತಿರೋದು ಮಾತ್ರ ಕಣ್ಣೆದುರಿನ ಸತ್ಯ. 2022 ಮತ್ತು 2023, ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಶೇ. 10ರಷ್ಟು ಕಳೆದುಕೊಂಡವು. 2023ರ ಆಗಸ್ಟ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಮೇಲೆ ಶೂನ್ಯ ಡಿಗ್ರಿಯ ರೇಖೆ (ಗಾಳಿಯ ಉಷ್ಣತೆ ಸೊನ್ನೆಗೆ ಇಳಿಯೋ ಎತ್ತರ) 5,298 ಮೀಟರಿಗೆ ಏರಿತ್ತು, ಆಲ್ಪ್ಸ್‌ನ ಅತಿ ಎತ್ತರದ ಶಿಖರಕ್ಕಿಂತಲೂ ಮೇಲೆ. ಮಗಳಿಗೆ ಎಗ್ಗಿಸ್‌ಹಾರ್ನ್‌ನಲ್ಲಿ ಎದುರಿನ ಬಂಡೆ ತೋರಿಸಿ. ಮೇಲಿನ ಹಳೆಯ ಬಂಡೆಗೂ ಕೆಳಗಿನ ಬೋಳು ಬಂಡೆಗೂ ನಡುವೆ ಬಣ್ಣ ಬದಲಾಗೋ ಗೆರೆ ಇದೆ. 19ನೇ ಶತಮಾನದ ನಡುವಿನಲ್ಲಿ ಮಂಜುಗಡ್ಡೆ ಅಲ್ಲಿವರೆಗೆ ಇತ್ತು.

ಬೆಣ್ಣೆನಗರಿ
ಎಷ್ಟೊಂದು ವಿಷಯ ಹೇಳಿದಿರಿ, ತುಂಬಾ ಧನ್ಯವಾದ. ಹೀಗೆ ಅಂದುಕೊಂಡಿದ್ದೀನಿ, ತಪ್ಪಿದ್ದರೆ ತಿದ್ದಿ. ಟಿಕೆಟ್ ಈಗ ಬೇಡ. ಐದು ದಿನದ ಪ್ರತಿ ಸಂಜೆ ಮೆಟಿಯೋಸ್ವಿಸ್ ನೋಡೋದು. ವಾಯವ್ಯದ ಗಾಳಿ, ಉತ್ತರದಲ್ಲಿ ಮೋಡ ಇದ್ದರೆ ಫೀಶ್ ಕಡೆ. ದಕ್ಷಿಣದ ಗಾಳಿ ಹಗುರ ಇದ್ದರೆ ಯೋಖ್, ಜೋರಿದ್ದರೆ ಎರಡೂ ಬೇಡ. ಮಂಜು ಮಾತ್ರ ಇದ್ದರೆ ಯಾವುದಾದರೂ ಸರಿ. ಮೊದಲ ಮೂರು ದಿನ ಕಾದು, ಕೊನೆಯ ಎರಡು ದಿನಕ್ಕೆ ಒಳ್ಳೆಯದು ಉಳಿಸಿಕೊಳ್ಳೋದು.

ರೈಲುಹಳಿ
ಕೊನೆಯ ಸಾಲು ತಪ್ಪು. ಕಾದು ಕೂರಬೇಡಿ. ಮೊದಲ ದಿನವೇ ಒಳ್ಳೆಯದಿದ್ದರೆ ಮೊದಲ ದಿನವೇ ಹೋಗಿ, ವಿಮಾನದ ದಣಿವಿದ್ದರೂ ಸರಿ. ಒಳ್ಳೆಯ ದಿನವನ್ನ ಮುಂದೂಡಿದರೆ ಮತ್ತೆ ಸಿಗುತ್ತೆ ಅನ್ನೋ ಭರವಸೆ ಇಲ್ಲ.

ಟಿಕೆಟ್ ವಿಷಯಕ್ಕೆ: ಎರಡು ಕಡೆಯ ಆಯ್ಕೆ ಇಟ್ಟುಕೊಳ್ಳೋದಾದರೆ ಅರ್ಧ ದರದ ಕಾರ್ಡು ಸರಿಹೊಂದುತ್ತೆ. ಯೋಖ್‌ಗೂ ಅರ್ಧ, ಫೀಶ್ ಕಡೆಗೂ ಅರ್ಧ, ಯಾವ ದಿನ ಅನ್ನೋ ಕಟ್ಟುಪಾಡಿಲ್ಲ. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ಗ್ರಿಂಡೆಲ್‌ವಾಲ್ಡ್, ವೆಂಗನ್‌ವರೆಗೆ ಉಚಿತ, ಅಲ್ಲಿಂದ ಯೋಖ್‌ಗೆ ಶೇ. 25 ರಿಯಾಯಿತಿ ಅಷ್ಟೇ. ಬೇರೆ ಊರುಗಳಿಗೆ ಎಷ್ಟು ಓಡಾಡ್ತೀರಿ ಅನ್ನೋದರ ಮೇಲೆ ಲೆಕ್ಕ ಹಾಕಿ.

ಕುಡ್ಲದ_ಕಡಲು
ಕೆಟ್ಟ ದಿನಗಳಿಗೂ ಕೆಲಸ ಇಟ್ಟುಕೊಳ್ಳಿ. ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಟ್ರುಮ್ಮೆಲ್‌ಬಾಖ್ ಜಲಪಾತ ಬೆಟ್ಟದೊಳಗೇ ಧುಮುಕುತ್ತದೆ, ಐಗರ್, ಮುಂಖ್, ಯುಂಗ್‌ಫ್ರೌ ಮೂರರ ಹಿಮ ಕರಗಿದ ನೀರು. ಮಳೆ ಬಂದರೆ ಇನ್ನೂ ಜೋರು. ತೆರೆದಿದೆಯಾ ಅಂತ ನೋಡಿಕೊಂಡು ಹೋಗಿ, ಮೆಟ್ಟಿಲು ಒದ್ದೆ ಇರುತ್ತದೆ. ಇಲ್ಲವಾದರೆ ಬರ್ನ್ ನಗರದ ಕಮಾನಿನ ಬೀದಿಗಳು, ಕೊಡೆ ಇಲ್ಲದೆ ಸುತ್ತಬಹುದು.

ಬೆಣ್ಣೆನಗರಿ
ಕೊನೆಯದೊಂದು. ಬೆಳಿಗ್ಗೆ ಆರೂವರೆಗೆ ಕ್ಯಾಮೆರಾ ನೋಡಿ ಹೊರಟರೆ ಸಾಕಾ?

ಹವಾಮಾನಪ್ರಿಯ
ಆರೂವರೆಗೆ ಕ್ಯಾಮೆರಾದಲ್ಲಿ ಕತ್ತಲು ಬಿಟ್ಟರೆ ಏನೂ ಕಾಣಲ್ಲ. ಅಕ್ಟೋಬರ್ ನಡುವಲ್ಲಿ ಅಲ್ಲಿ ಸೂರ್ಯ ಹುಟ್ಟೋದೇ 7.40ರ ಹತ್ತಿರ. ಅಷ್ಟು ಬೇಗ ನಿರ್ಧರಿಸಬೇಕಾದರೆ ಮೆಟಿಯೋಸ್ವಿಸ್‌ನ ಅಳತೆ ಕೇಂದ್ರದ ಅಂಕಿ ನೋಡಿ. ಯೋಖ್‌ನಲ್ಲೂ ಎಗ್ಗಿಸ್‌ಹಾರ್ನ್‌ನಲ್ಲೂ ಕೇಂದ್ರ ಇದೆ, ಹತ್ತು ನಿಮಿಷಕ್ಕೊಮ್ಮೆ ಅಂಕಿ ಬದಲಾಗುತ್ತೆ. ತೇವಾಂಶ ಶೇ. 95ರ ಮೇಲೆ ಗಂಟೆಗಟ್ಟಲೆ ನಿಂತಿದ್ದರೆ ಆ ಜಾಗ ಮೋಡದೊಳಗಿದೆ. ಶೇ. 50, 60 ಇದ್ದು ಇಳಿಯುತ್ತಿದ್ದರೆ ಮೇಲೆ ನಕ್ಷತ್ರ ಕಾಣ್ತಿರುತ್ತೆ. ಪಕ್ಕದ ಕಾಲಮ್ಮಿನಲ್ಲಿ ಗಾಳಿಯ ರಭಸವೂ ಇರುತ್ತೆ. ಎರಡೂ ಕೇಂದ್ರದ್ದು ಹೋಲಿಸಿ, ಯಾವುದು ಒಣಗಿದೆಯೋ ಆ ಕಡೆಯ ರೈಲು ಹಿಡಿಯಿರಿ.

ಬೆಣ್ಣೆನಗರಿ
ಸರಿ, ಎರಡೂ ಪುಟ ಮೊಬೈಲಲ್ಲಿ ಉಳಿಸಿಕೊಂಡೆ. ಏಜೆಂಟರಿಗೆ ಈಗಲೇ ಫೋನ್ ಮಾಡಿ ಎರಡನೇ ದಿನದ ಟಿಕೆಟ್ ಬೇಡ ಅಂತೀನಿ.